ಹರಡದಂಥ ಬೆಳಕು

ಎಲ್ಲಾರಿಗೂ ಶರಣು ಶರಣಾರ್ಥಿ. ಸೇಡಂ ರೋಡಿನ ಬಾಜೂಕ ತಗ್ಗು ತೋಡಿ ಕೇಬಲ್ ಎಳೀತಾರಲ್ರಿ, ಅದರೊಳಗ ಸಣ್ಣ ಗಾಜಿನ ಎಳಿ ಇರ್ತಾವ, ನಿಮ್ಮ ಫೋನಿನ ಮಾತು ವಿಡಿಯೋ ಎಲ್ಲಾ ಒಂದು-ಸೊನ್ನಿ ಲೆಕ್ಕದಾಗ ಬೆಳಕಿನ ಮಿಣುಕಾಗಿ ಅದರಾಗ ಓಡ್ತದ. ಯಾರನ್ನ ಕೇಳಿದ್ರೂ ಸ್ಪೀಡ್ ಎಷ್ಟ್ರಿ ಅಂತಾರ. ಸ್ಪೀಡ್ ಬಿಡ್ರಿ, ಮಿಣುಕು ಹರಡಬಾರದು, ಅದು ಮುಖ್ಯ.

ಶರಣಬಸವೇಶ್ವರ ಜಾತ್ರಿಗೆ ಊರಿಂದ ಎಲ್ಲಾರೂ ಕೂಡೇ ನಡಕೋತ ಹೊಂಟ್ರೂ ಗಟ್ಟಿ ಇದ್ದೋರು ಮುಂದ, ಮುದುಕರು ಹಿಂದ, ಗುಂಪು ಉದ್ದಾಗ್ತದ. ಒಂದು ಮಿಣುಕಿನಾಗೂ ಹಲವು ಬಣ್ಣ ಕೂಡಿರ್ತಾವ, ಗಾಜಿನಾಗ ಒಂದೊಂದು ಬಣ್ಣಕ್ಕ ಒಂದೊಂದು ಸ್ಪೀಡು, ದೂರ ಹೋದಂಗ ಮಿಣುಕು ಅಗಲಾಗಿ ಬಾಜೂದ್ರ ಮ್ಯಾಲ ಬೀಳ್ತದ, ಒಂದು ಯಾವುದು ಸೊನ್ನಿ ಯಾವುದು ತಿಳಿಯಂಗಿಲ್ಲ.

ಈಗ ಕಥಿ ಕೇಳ್ರಿ, ಇದನ್ನ ಎಷ್ಟು ಸಲ ಹೇಳಿದ್ರೂ ನನಗ ಸಾಕಾಗಂಗಿಲ್ಲ. 1834, ಸ್ಕಾಟ್‌ಲ್ಯಾಂಡಿನ ಎಡಿನ್‌ಬರೋ ಹತ್ರ ಯೂನಿಯನ್ ಕಾಲುವಿ. ಜಾನ್ ಸ್ಕಾಟ್ ರಸೆಲ್ ಅನ್ನೋ ಇಂಜಿನಿಯರ್ ಕುದುರಿ ಮ್ಯಾಲ ಕುಂತು ನೋಡ್ಲಾಕತ್ತಿದ್ದ, ಎರಡು ಕುದುರಿ ಎಳೀತಿದ್ದ ದೋಣಿ ಗಪ್ಪನ ನಿಂತ್ತು. ದೋಣಿ ನಿಂತ್ರೂ ನೀರು ನಿಲ್ಲಲಿಲ್ರಿ! ಸುಮಾರು 30 ಅಡಿ ಉದ್ದ, ಒಂದು ಒಂದೂವರಿ ಅಡಿ ಎತ್ತರದ ಒಂದೇ ಒಂದು ತೆರಿ ದೋಣಿ ಬಿಟ್ಟು ಮುಂದ ಹೊಂಟೇಬಿಡ್ತು, ತಾಸಿಗೆ 8-9 ಮೈಲಿ. ಇವ ಕುದುರಿ ಓಡಿಸ್ಕೋತ ಬೆನ್ನಹತ್ತಿದ, ಎತ್ತರ ನಿಧಾನಕ ಇಳೀತು ಖರೆ, ಆಕಾರ ಮಾತ್ರ ಹಂಗೇ, ಒಂದೆರಡು ಮೈಲಿ ಆದಮ್ಯಾಲ ಕಾಲುವಿ ತಿರುವಿನಾಗ ಕಣ್ಣಿಗಿ ಕಾಣದಂಗ ಆಯ್ತು. ನೋಡ್ರಿ, ಹರಡಲಿಲ್ಲ! ಮುಂದ 1965ರಾಗ ಜಬುಸ್ಕಿ, ಕ್ರುಸ್ಕಲ್ ಅನ್ನೋರು ಇಂಥಾ ತೆರಿಗೆ ಸಾಲಿಟಾನ್ ಅಂದ್ರು.

ಟೈಮ್ ಆಗ್ಲಾಕತ್ತದ, ಜಲ್ದಿ ಹೇಳ್ತೀನಿ. 1973ರಾಗ ಅಮೆರಿಕದ ಟೆಲಿಫೋನ್ ಸಂಶೋಧನಾ ಕೇಂದ್ರ ಬೆಲ್ ಲ್ಯಾಬ್ಸ್‌ನ ಹಸೆಗಾವಾ ಮತ್ತ ಟ್ಯಾಪರ್ಟ್, ಗಾಜಿನಾಗೂ ಇದು ಆಗ್ತದ ಅಂತ ಲೆಕ್ಕ ತೋರಿಸಿದ್ರು, 1980ರಾಗ ಮೊಲೆನಾವರ್ ಮತ್ತ ಜೊತಿಯವರು ಮಾಡೇ ತೋರಿಸಿದ್ರು. ಹೆಂಗಂದ್ರ, ಬೆಳಕು ಜೋರಿದ್ರ ಗಾಜಿನ ಗುಣಾನೇ ಚೂರು ಬದಲಾಗ್ತದ, ಮಿಣುಕಿನ ಮುಂದಿನ ಭಾಗ ಕೆಂಪಿನ ಕಡಿ, ಹಿಂದಿನ ಭಾಗ ನೀಲಿ ಕಡಿ ಸರೀತದ. ಬೆಳಕಿನ ತೆರಿಯ ಉದ್ದ (ತರಂಗಾಂತರ) 1550 ನ್ಯಾನೋಮೀಟರ್ ಸುತ್ತಮುತ್ತ ಇದ್ರ ಮಾಮೂಲಿ ಗಾಜಿನ ಎಳಿಯೊಳಗ ನೀಲಿ ಕಡಿಯದು ಜಲ್ದಿ ಓಡ್ತದ, ಹಿಂದಿಂದು ಮುಂದಿಂದನ್ನ ಹಿಡೀತದ, ಹರಡೋದು ಅಲ್ಲಿಗೆ ವಜಾ ಆಯ್ತು. ಬೆಳಕು ಮಂದಾದ್ರ ಮಾತ್ರ ಈ ಹೊಂದಾಣಿಕಿ ತಪ್ತದ, ಅದಕ್ಕ 1988ರಾಗ ಮೊಲೆನಾವರ್ ಮತ್ತ ಸ್ಮಿತ್ ದಾರ್ಯಾಗ ಇನ್ನೊಂದು ಲೇಸರಿನ ಶಕ್ತಿ ಕೊಟ್ಕೋತ, ಲ್ಯಾಬಿನಾಗ ಎಳಿಯ ಸುತ್ತೊಳಗ ತಿರುಗಿಸಿ ತಿರುಗಿಸಿ 4000 ಕಿಲೋಮೀಟರ್‌ಗಿಂತ ಜಾಸ್ತಿ ಓಡಿಸಿದ್ರು. ಇವತ್ತಿನ ದೊಡ್ಡ ಲೈನಿನಾಗ ಹರಡಿದ್ದನ್ನ ಆ ಕಡಿ ತುದ್ಯಾಗ ಕಂಪ್ಯೂಟರ್ ಚಿಪ್ ಲೆಕ್ಕ ಹಾಕಿ ಸರಿಮಾಡ್ತದ, ಅದೂ ಛಲೋನೇ. ಆದ್ರ ಪಾಲಿಟೆಕ್ನಿಕ್ ಹುಡುಗರ್ಯಾ, ಸಾಲಿಟಾನ್ ಪಾಠ ಬಂದಾಗ ಪರೀಕ್ಷಾಕ್ಕ ಬರಂಗಿಲ್ಲ ಅಂತ ಹಾಳಿ ತಿರುವಬ್ಯಾಡ್ರಿ, ಕುಂತು ಓದ್ರಿ.