ಹೆಡ್ ಕೂತ ಮೇಲೆ ಲಾರಿ ಯಾಕೆ ನಡುಗುತ್ತೆ?

ಎಲ್ಲರಿಗೂ ನಮಸ್ಕಾರ. ಈಗ ರೇಡಿಯೊ ಹಾಕಿಕೊಂಡಿರುವವರಲ್ಲಿ ಅರ್ಧ ಜನ ಸ್ಟಿಯರಿಂಗ್ ಹಿಡಿದಿದ್ದೀರಿ, ಇನ್ನರ್ಧ ಜನ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ.

ಹಳೇ ಲಾರಿ. ಹೆಡ್, ಅಂದರೆ ಇಂಜಿನ್ ಸಿಲಿಂಡರುಗಳ ಮೇಲಿನ ಮುಚ್ಚಳ, ಇಳಿಸಿ ಕೆಲಸ ಮಾಡಿಸಿದಿರಿ. ದುಡ್ಡು ಕೊಟ್ಟು ಸ್ಟಾರ್ಟ್ ಮಾಡಿದಿರಿ. ರೇಸ್ ಕೊಟ್ಟಾಗ ಚೆನ್ನಾಗಿದೆ, ಕಾಲು ತೆಗೆದ ಕೂಡಲೇ ನಡುಕ. ಕ್ಯಾಬಿನ್ ಅದುರುತ್ತೆ, ಕನ್ನಡಿಯಲ್ಲಿ ಹಿಂದಿನ ಗಾಡಿ ಎರಡೆರಡಾಗಿ ಕಾಣುತ್ತೆ. ಆಗ ಏನು ಮಾಡಬೇಕು? ನಾನು ಹೇಳೋದು ಒಂದೇ. ಕೈ ಬಿದ್ದ ಜಾಗ, ಅಂದರೆ ರಿಪೇರಿಯಲ್ಲಿ ಬಿಚ್ಚಿ ಮುಟ್ಟಿದ ಜಾಗ, ಮೊದಲು ನೋಡಿ. ರಿಪೇರಿಗೆ ಮುಂಚೆ ಈ ನಡುಕ ಇರಲಿಲ್ಲ ತಾನೇ? ಹಾಗಾದ್ರೆ ರೋಗ ಬಂದಿರೋದು ರಿಪೇರಿ ಹೊತ್ತಿನಲ್ಲೇ.

ಸ್ಲೋನಲ್ಲೇ, ಅಂದರೆ ಕಾಲು ತೆಗೆದು ಇಂಜಿನ್ ನಿಧಾನಕ್ಕೆ ಓಡುವಾಗಲೇ, ಯಾಕೆ ನಡುಗುತ್ತೆ ಅಂತ ಕೇಳ್ತೀರಿ. ಆರು ಸಿಲಿಂಡರ್ ಇಂಜಿನ್ ನಿಮಿಷಕ್ಕೆ 600 ಸುತ್ತು ತಿರುಗುವಾಗ ಸೆಕೆಂಡಿಗೆ 30 ಸಲ ಹೊಡೆಯುತ್ತೆ. ಒಂದು ಸಿಲಿಂಡರ್ ಕೆಲಸ ಮಾಡದೆ ಮಲಗಿದರೆ ಅದರಲ್ಲಿ ಐದು ಹೊಡೆತ ಖೋತಾ. ರೇಸಿನಲ್ಲಿ ಆ ಸಂದು ಇಂಜಿನ್ನಿನ ಭಾರದ ಚಕ್ರ ಫ್ಲೈವೀಲ್ ಓಟದಲ್ಲಿ ಮುಚ್ಚಿಹೋಗುತ್ತೆ, ಸ್ಲೋನಲ್ಲಿ ಕೈಗೇ ತಾಗುತ್ತೆ. ಇನ್ನೊಂದು ವಿಷಯ. ಸ್ಲೋನಲ್ಲಿ ಒಂದು ಹೊಡೆತಕ್ಕೆ ನಾಜಲ್ ಸಿಲಿಂಡರಿನೊಳಗೆ ಚಿಮ್ಮಿಸುವ ಡೀಸೆಲ್ ಎಷ್ಟು ಗೊತ್ತಾ? ಒಂದು ಹನಿಯನ್ನು ನಾಲ್ಕೈದು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟರಲ್ಲಿ ಒಂದು ಗಾಳಿ ಗುಳ್ಳೆ ಸೇರಿಕೊಂಡರೆ ಇನ್ನೇನು ಉಳೀತು?

ಇಲ್ಲೊಂದು ಕಥೆ ಹೇಳಲೇಬೇಕು. ಆರು ಸಿಲಿಂಡರಿನ ಹಳೇ ಟಾಟಾ. ಈರುಳ್ಳಿ ಲೋಡು ಇಳಿಸಿ ಮಂಗಳೂರಿನಿಂದ ಬರುವಾಗ ಶಿರಾಡಿ ಏರಿನಲ್ಲಿ ಹೆಡ್ ಕೆಳಗಿನ ಪ್ಯಾಕಿಂಗ್ ಹೋಯಿತು. ದಾರಿಯಲ್ಲೇ ಯಾವುದೋ ಶೆಡ್ಡಿನಲ್ಲಿ ಹೊಸ ಪ್ಯಾಕಿಂಗ್ ಹಾಕಿಸಿದರು. ಸ್ಟಾರ್ಟ್ ಆಯಿತು, ಆದರೆ ನಡುಕ. ಓನರ್‌ಗೆ ನಾಜಲ್ಲಿಗೆ ಡೀಸೆಲ್ ತಳ್ಳುವ ಪಂಪಿನ ಮೇಲೆ ಅನುಮಾನ. ಪಂಪ್ ಬಿಚ್ಚಿ, ಅಳತೆ ಸರಿ ಮಾಡಿಸೋಕೆ ಕ್ಯಾಲಿಬ್ರೇಷನ್‌ಗೆ ಕಳಿಸಿದರು. ಈ ಪಂಪಿನ ಕಂಪನಿ, ಬೆಂಗಳೂರಿನ ಆಡುಗೋಡಿಯ ಮೈಕೋ, 2008ರಲ್ಲೇ ಹೆಸರು ಬದಲಿಸಿ ಬಾಷ್ ಆಯಿತು, ನಮ್ಮವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಮೈಕೋ ಪಂಪೇ. ಪಾಪ, ಆ ಪಂಪಿನ ತಪ್ಪೇನೂ ಇರಲಿಲ್ಲ. ಪಂಪ್ ವಾಪಸ್ ಬಂತು, ನಡುಕ ಹಾಗೇ ಇತ್ತು. ಆರು ನಾಜಲ್ ಹೊಸದು ಹಾಕಿಸಿದರು. ಆಗಲೂ ನಡುಕ ಹೋಗಲಿಲ್ಲ. ಯಾರೋ ಪುಣ್ಯಾತ್ಮರು ಸ್ಲೋ ಸ್ಕ್ರೂ ತಿರುಗಿಸಿ, ಸ್ಲೋನಲ್ಲಿನ ಓಟವನ್ನೇ ಏರಿಸಿ ನಡುಕ ಮುಚ್ಚಿದರು. ಇದು ನನಗೆ ಆಗೋದೇ ಇಲ್ಲ. ಜ್ವರ ಬಂದವನಿಗೆ ಕಂಬಳಿ ಹೊದಿಸಿ ಗುಣ ಆಯ್ತು ಅಂದ ಹಾಗೆ.

ನಮ್ಮ ಶೆಡ್ಡಿಗೆ ಬಂದಾಗ ನಾನು ಸ್ಪ್ಯಾನರ್ ಮುಟ್ಟಲಿಲ್ಲ. ಡ್ರೈವರಣ್ಣನಿಗೆ ಟೀ ಕೊಡಿಸಿ, "ಏನೇನು ಬಿಚ್ಚಿದ್ರು ಹೇಳಣ್ಣ" ಅಂದೆ. "ಹೆಡ್ಡು, ನಾಜಲ್ ಪೈಪು, ಅಷ್ಟೇ ಸಾರ್" ಅಂದ. ಹಿಂದೆ ನಿಂತಿದ್ದ ಕ್ಲೀನರ್ ಹುಡುಗ ಮೆಲ್ಲಗೆ ಬಾಯಿಬಿಟ್ಟ. "ಟ್ಯಾಂಕಿಂದ ಬರೋ ಪೈಪನ್ನೂ ಬಿಚ್ಚಿದ್ರು ಸಾರ್, ಕೈಗೆ ಅಡ್ಡ ಬರುತ್ತೆ ಅಂತ." ನನಗೆ ಅಷ್ಟು ಸಾಕಾಯಿತು.

ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿ, ಎತ್ತರಕ್ಕೆ ಕಟ್ಟಿ, ಬೇರೆ ಪೈಪಿನಲ್ಲಿ ನೇರ ಫೀಡ್ ಪಂಪಿಗೆ, ಅಂದರೆ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಚಿಕ್ಕ ಪಂಪಿಗೆ, ಕೊಟ್ಟೆವು. ಏರ್ ತೆಗೆದು ಸ್ಟಾರ್ಟ್ ಮಾಡಿದರೆ, ಬಾನೆಟ್ ಮೇಲೆ ಇಟ್ಟ ಟೀ ಲೋಟ ಅಲ್ಲಾಡಲಿಲ್ಲ! ಅಂದರೆ ಪಂಪ್ ಸರಿ, ನಾಜಲ್ ಸರಿ, ಹೆಡ್ ಸರಿ. ತಪ್ಪು ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ. ನೋಡಿದರೆ ಆ ಪೈಪನ್ನು ಹಿಡಿಯುವ ತೂತಿನ ಬೋಲ್ಟು, ಬ್ಯಾಂಜೋ ಬೋಲ್ಟಿಗೆ ಹಳೇ ತಾಮ್ರದ ವಾಷರನ್ನೇ ತಿರುಗಿಸಿ ಹಾಕಿದ್ದರು. ಅದರ ಮೇಲೊಂದು ಗೀರು, ಕೂದಲಿನಷ್ಟು. ಹೊಸ ವಾಷರ್ ಎರಡು ಹಾಕಿದೆವು, ಅಷ್ಟೇ ಖರ್ಚು.

"ಅಲ್ಲಿ ಡೀಸೆಲ್ ಸೋರ್ತಾನೇ ಇರಲಿಲ್ಲವಲ್ಲ ಸಾರ್" ಅಂದರು ಓನರ್. ಎಲ್ಲರೂ ಎಡವೋದು ಇಲ್ಲೇ. ಎಳನೀರು ಕುಡಿಯುವಾಗ ಸ್ಟ್ರಾ ಸೀಳಿದ್ದರೆ ನೀರು ಹೊರಗೆ ಸೋರುತ್ತಾ? ಇಲ್ಲ, ಬಾಯಿಗೆ ಬರೀ ಗಾಳಿ ಬರುತ್ತೆ. ಫೀಡ್ ಪಂಪ್ ಎಳೆಯುವ ಕಡೆಯೂ ಹಾಗೇ. ಹೊರಗೆ ಒಣಗಿರುತ್ತೆ, ಒಳಗೆ ಗಾಳಿ ಹೋಗುತ್ತಿರುತ್ತೆ. ಫೀಡ್ ಪಂಪ್ ದಾಟಿದ ಮೇಲಿನ ಪೈಪಾದರೆ ಮಾತ್ರ ತೊಟ್ಟಿಕ್ಕಿ ಸಿಕ್ಕಿಬೀಳುತ್ತೆ. ಅದಕ್ಕೇ ಮತ್ತೆ ಹೇಳ್ತೀನಿ, ಕಣ್ಣಿಗೆ ಕಂಡದ್ದನ್ನಲ್ಲ, ಕೈ ಬಿದ್ದ ಜಾಗ ನೋಡಿ. ಅನುಮಾನಕ್ಕೆ ಪಂಪ್ ಬಿಚ್ಚಿದರೆ ಅದೂ ಕೈ ಬಿದ್ದ ಜಾಗವೇ ಆಯಿತು. ಟೈಮಿಂಗ್, ಅಂದರೆ ಡೀಸೆಲ್ ಬಿಡುವ ಹೊತ್ತು, ತಪ್ಪಿಸಿ ಕೂರಿಸಿದರೆ ಒಂದರ ಜೊತೆ ಎರಡು ರೋಗ.

ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದು ಬೇಗ ಹೇಳ್ತೀನಿ. ಏರ್ ಇಲ್ಲ, ಆದರೂ ಮಿಸ್ ಹೊಡೆಯುತ್ತಿದೆ ಅಂದರೆ ಮಲಗಿದ ಸಿಲಿಂಡರ್ ಹುಡುಕಿ. ಇಂಜಿನ್ ಸ್ಲೋನಲ್ಲಿ ಓಡುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲ ಮಾಡಿ, ಮತ್ತೆ ಬಿಗಿ ಮಾಡಿ. ಬಟ್ಟೆ ಅಡ್ಡ ಹಿಡಿಯಿರಿ, ಬೆರಳು ಹತ್ತಿರ ಬೇಡ. ಯಾವುದನ್ನು ಸಡಿಲ ಮಾಡಿದಾಗ ಸದ್ದು ಬದಲಾಗೋದಿಲ್ಲವೋ ಅದೇ ಕಳ್ಳ. ಎಲ್ಲ ನಾಜಲ್ಲಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದ ಡೀಸೆಲ್ ಹೋಗುವ ಹೊಸ ಕಾಮನ್ ರೈಲ್ ಲಾರಿಯಲ್ಲಿ ಮಾತ್ರ ಈ ಆಟ ಬೇಡವೇ ಬೇಡ. ನಿಮ್ಮ ಟೈರಿನಲ್ಲಿ ಇರೋದು ಏಳೆಂಟು ಬಾರ್ ಗಾಳಿ. ಅಲ್ಲಿ ಡೀಸೆಲ್ ಸಾವಿರ ಬಾರ್ ದಾಟುತ್ತೆ, ಚರ್ಮ ಸೀಳಿಕೊಂಡು ಒಳಗೆ ಹೋಗುತ್ತೆ.

ಕಳ್ಳ ಸಿಕ್ಕಿದ ಮೇಲೆ ಆ ನಾಜಲ್ ಹೊರಗೆ ತೆಗೆದು ತೂತಿನೊಳಗೆ ಟಾರ್ಚ್ ಬಿಡಿ. ನಾಜಲ್ ಕೆಳಗಿನ ಹಳೇ ವಾಷರ್ ಅಲ್ಲೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತಿರುತ್ತೆ, ಬೇಕಾದಷ್ಟು ಸಲ ನೋಡಿದ್ದೇನೆ. ನಾಜಲ್ ಒಂದು ವಾಷರಿನಷ್ಟು ಮೇಲೆ ನಿಂತರೆ ಡೀಸೆಲ್ ಬೀಳಬೇಕಾದ ಕಡೆ ಬೀಳೋದಿಲ್ಲ.

ಆಮೇಲೆ ವಾಲ್ವ್ ಒತ್ತುವ ಟ್ಯಾಪೆಟ್. ಹೆಡ್ ಬಿಚ್ಚಿದ ಮೇಲೆ ಅದೂ ಕೈ ಬಿದ್ದ ಜಾಗ ಅಲ್ವಾ? ಹೆಡ್ ಬೋಲ್ಟು ಮತ್ತೊಮ್ಮೆ ಬಿಗಿ ಮಾಡಿದರೆ ಟ್ಯಾಪೆಟ್ ಗ್ಯಾಪೂ ಮತ್ತೊಮ್ಮೆ ಇಡಬೇಕು. ಗ್ಯಾಪ್ ಸತ್ತರೆ ವಾಲ್ವ್ ಪೂರ್ತಿ ಮುಚ್ಚೋದಿಲ್ಲ, ಕಂಪ್ರೆಷನ್ ನಿಲ್ಲೋದಿಲ್ಲ. ಗೇಜ್ ಹಾಕಿ ಇಡಿ. ಬ್ಲೇಡು ಹಾಕಿ ಅಂದಾಜಿಗೆ ಇಡುವವರನ್ನು ನಾನು ಶೆಡ್ಡಿನೊಳಗೆ ಬಿಡೋದಿಲ್ಲ.

ಇಂಜಿನ್ ಮೌಂಟಿಂಗ್ ರಬ್ಬರ್ ಬಗ್ಗೆ ಹೇಳಬೇಕಿತ್ತು, ಆದರೆ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಹೆಡ್ ಇಳಿಸಿದ ಲಾರಿ ಶೆಡ್ಡಿನಲ್ಲಿ ಇದ್ದರೆ ಇವತ್ತು ಸಂಜೆ ಕ್ಲೀನರ್ ಹುಡುಗನನ್ನು ಕೂರಿಸಿಕೊಂಡು ಒಂದು ಟೀ ಕೊಡಿಸಿ, ಏನೇನು ಬಿಚ್ಚಿದರು ಅಂತ ಅವನನ್ನೇ ಕೇಳಿ. ನಮಸ್ಕಾರ.