ಟ್ರೆವರ್ ಟೀವಿ ನೋಡಿದ ದಿನ

ಕೇಳುಗರಿಗೆ ನಮಸ್ಕಾರ. ವಿಡಿಯೋ ಗೇಮ್‌ಗಳಲ್ಲಿ ಕತೆ ಹೇಳುವ ರೀತಿಯ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. "ಗೇಮ್‌ನಲ್ಲಿ ಎಂಥ ಕತೆ? ಸುಮ್ನೆ ಢಂ ಢಂ ಅಂತ ಗುಂಡು ಹಾರಿಸೋದು ತಾನೇ?" ಅಂತ ನಿಮ್ಮಲ್ಲಿ ಕೆಲವರು ಈಗಾಗಲೇ ರೇಡಿಯೋದ ಕಿವಿ ಹಿಂಡಲು ಕೈ ಚಾಚಿರಬಹುದು. ಸ್ವಲ್ಪ ತಡೀರಿ.

ಓಪನ್ ವರ್ಲ್ಡ್ ಗೇಮ್ ಅಂತ ಒಂದು ಬಗೆ ಇದೆ. ಅದರಲ್ಲಿ ಇಡೀ ಊರನ್ನೇ ನಿಮ್ಮ ಕೈಗೆ ಕೊಡುತ್ತಾರೆ. ರಸ್ತೆ, ಗುಡ್ಡ, ಸಮುದ್ರ, ಟ್ರಾಫಿಕ್, ಎಲ್ಲ. ಎಲ್ಲಿಗೆ ಬೇಕಾದರೂ ಹೋಗಿ, ಯಾವಾಗ ಬೇಕಾದರೂ ಹೋಗಿ. ಆಡುವವರಿಗೆ ಖುಷಿ, ಕತೆ ಬರೆಯುವವರಿಗೆ ತಲೆನೋವು. ಕ್ಲೈಮ್ಯಾಕ್ಸ್ ಹತ್ತಿರ ಬಂದಾಗ ನಾಯಕ ಕತೆ ಬಿಟ್ಟು ಬೀಚಿಗೆ ಹೋಗಿ ಕೂತರೆ ಏನು ಮಾಡುವುದು? ಇದಕ್ಕೆ ಕಂಡುಕೊಂಡ ದಾರಿಗಳಲ್ಲಿ ನನಗೆ ಬಹಳ ಇಷ್ಟವಾದದ್ದು, ಒಬ್ಬ ನಾಯಕನ ಬದಲು ಇಬ್ಬರು ಮೂವರನ್ನು ಕೊಡುವುದು. ಪಾತ್ರ ಬದಲಾದರೆ ಊರೇ ಬದಲಾಗುತ್ತದೆ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಜಿಟಿಎ ಫೈವ್ ತೆಗೆದುಕೊಳ್ಳೋಣ. ಪೂರ್ತಿ ಹೆಸರು ಗ್ರ್ಯಾಂಡ್ ಥೆಫ್ಟ್ ಆಟೋ ಫೈವ್. ಬಂದದ್ದು 2013ರ ಸೆಪ್ಟೆಂಬರ್‌ನಲ್ಲಿ, ಮಾಡಿದವರು ಎಡಿನ್‌ಬರೋದ ರಾಕ್‌ಸ್ಟಾರ್ ನಾರ್ತ್ ಎಂಬ ಗೇಮ್ ಸ್ಟುಡಿಯೋದವರು. ಅದರಲ್ಲಿನ ಊರು ಲಾಸ್ ಸ್ಯಾಂಟೋಸ್, ಅಂದರೆ ವೇಷ ಮರೆಸಿಕೊಂಡ ಲಾಸ್ ಏಂಜಲೀಸ್. ಮಕ್ಕಳಿರುವ ಮನೆಯವರಿಗೆ ಈಗಲೇ ಹೇಳಿಬಿಡುತ್ತೇನೆ, ಇದು 18 ದಾಟಿದವರ ಗೇಮ್. ರಕ್ತ, ಬೈಗುಳ ಎರಡೂ ಧಾರಾಳ. ಒಂಬತ್ತನೇ ಕ್ಲಾಸಿನ ಹುಡುಗ "ಎಲ್ಲರೂ ಆಡ್ತಾರೆ" ಅಂದರೆ ದಯವಿಟ್ಟು ಕರಗಬೇಡಿ.

ಮೂವರು ನಾಯಕರು. ಮೈಕಲ್ ಹಳೇ ದರೋಡೆಕೋರ. ಈಗ ಈಜುಕೊಳದ ಬಂಗಲೆ, ಮಾತು ಕೇಳದ ಹೆಂಡತಿ ಮಕ್ಕಳು, ವಿಪರೀತ ಬೇಜಾರು. ಫ್ರಾಂಕ್ಲಿನ್ ಚಿಕ್ಕಮ್ಮನ ಮನೆಯಲ್ಲಿರುವ ಹುಡುಗ, ದುಡ್ಡು ಕಟ್ಟದವರ ಕಾರುಗಳನ್ನು ಎತ್ತಿಕೊಂಡು ಬರುವುದು ಅವನ ಕೆಲಸ. ಟ್ರೆವರ್ ಮರುಭೂಮಿಯಲ್ಲಿ ಟ್ರೇಲರ್, ಅಂದರೆ ಗಾಡಿಗೆ ಕಟ್ಟಿ ಎಳೆದೊಯ್ಯುವಂಥ ಡಬ್ಬಿ ಮನೆಯಲ್ಲಿರುವವನು. ಅವನಿಗೆ ಯಾವಾಗ ಸಿಟ್ಟು ಬರುತ್ತದೋ ಅವನಿಗೇ ಗೊತ್ತಿಲ್ಲ.

ಒಂದು ಬಟನ್ ಒತ್ತಿದರೆ ಕ್ಯಾಮೆರಾ ಮೈಕಲ್‌ನನ್ನು ಬಿಟ್ಟು ಆಕಾಶಕ್ಕೆ ಏರುತ್ತದೆ. ಊರು ನಕ್ಷೆಯಷ್ಟು ಚಿಕ್ಕದಾಗುತ್ತದೆ. ಪಕ್ಕಕ್ಕೆ ಜಾರಿ ಇನ್ನೆಲ್ಲೋ ಇಳಿಯುತ್ತದೆ. ಅಲ್ಲಿ ಟ್ರೆವರ್ ಕುಡಿದು ಮಲಗಿದ್ದವನು ಯಾವುದೋ ಗುಡ್ಡದ ಮೇಲೆ, ಚಡ್ಡಿಯಲ್ಲಿ ಎದ್ದು ಕೂರುತ್ತಿರುತ್ತಾನೆ. ಹೇಗೆ ಬಂದ, ಯಾಕೆ ಬಂದ, ಯಾರೂ ಹೇಳುವುದಿಲ್ಲ. ನೀವು ಇಲ್ಲದಾಗಲೂ ಅವನ ಬದುಕು ನಡೆಯುತ್ತಲೇ ಇತ್ತು, ಅಷ್ಟೇ. ಈಗ ನೋಡಿ, ಮೈಕಲ್‌ಗೆ ಮನೆಯಾಗಿದ್ದ ಬಡಾವಣೆ ಟ್ರೆವರ್‌ಗೆ ಬೈದುಕೊಂಡು ಹಾದುಹೋಗುವ ಜಾಗ. ಪಾತ್ರ ಬದಲಾಯಿತು, ಊರೂ ಬದಲಾಯಿತು.

ಈಗ ನನಗೆ ಬಹಳ ಪ್ರಿಯವಾದ ಪ್ರಸಂಗ. ಇದನ್ನು ಹೇಳದೆ ನಾನು ಎದ್ದು ಹೋಗುವವನಲ್ಲ.

ಗೇಮ್ ಶುರುವಾಗುವುದು ಒಂಬತ್ತು ವರ್ಷ ಹಿಂದಿನ ದರೋಡೆಯಿಂದ. ಹಿಮ ಬಿದ್ದ ಊರು. ಮೈಕಲ್, ಟ್ರೆವರ್, ಬ್ರ್ಯಾಡ್ ಅಂತ ಇನ್ನೊಬ್ಬ. ಕೆಲಸ ಕೆಡುತ್ತದೆ, ಗುಂಡು ಹಾರುತ್ತದೆ, ಟ್ರೆವರ್ ತಪ್ಪಿಸಿಕೊಂಡು ಓಡುತ್ತಾನೆ. ಮೈಕಲ್ ಸತ್ತ ಅಂತ ಗೋರಿಯೂ ಆಗುತ್ತದೆ. ಆದರೆ ಆಸಾಮಿ ಅಧಿಕಾರಿಯೊಬ್ಬನ ಜತೆ ಒಪ್ಪಂದ ಮಾಡಿಕೊಂಡು ಹೆಸರು ಬದಲಿಸಿ ಆರಾಮಾಗಿದ್ದಾನೆ. ಇದು ಟ್ರೆವರ್‌ಗೆ ಗೊತ್ತಿಲ್ಲ.

ಒಂಬತ್ತು ವರ್ಷದ ಮೇಲೆ ಮೈಕಲ್ ಸಾಲ ತೀರಿಸಲು ಒಡವೆ ಅಂಗಡಿ ದೋಚುತ್ತಾನೆ. ಆಡುವವರು ನೀವೇ. ಕೈ ಬೆವರುತ್ತದೆ, ಕೊನೆಗೆ ಗೆದ್ದೆವು ಅನ್ನಿಸುತ್ತದೆ. ಅಲ್ಲಿ ಕಾವಲಿನವನಿಗೆ ಮೈಕಲ್ ಒಂದು ಡೈಲಾಗ್ ಹೊಡೆಯುತ್ತಾನೆ. ದಿನಾ ಸಾವಿರ ವಿಷಯ ಮರೆಯುತ್ತೀಯ, ಇದನ್ನೂ ಮರೆತುಬಿಡು ಅನ್ನುವ ಧಾಟಿಯದು. ಅದು ಅವನ ಹಳೇ ಚಾಳಿ.

ಆಮೇಲೆ ಗೇಮ್ ನಿಮ್ಮನ್ನು ಕೇಳದೆಯೇ ಮರುಭೂಮಿಗೆ ಕರೆದೊಯ್ಯುತ್ತದೆ. ಟ್ರೆವರ್‌ನ ಟ್ರೇಲರ್. ಟೀವಿಯಲ್ಲಿ ದರೋಡೆಯ ಸುದ್ದಿ ಬರುತ್ತಿದೆ. ಕಳ್ಳ ಹೇಳಿದ ಆ ಮಾತೂ ಸುದ್ದಿಯಲ್ಲಿ ಬರುತ್ತದೆ. ಟ್ರೆವರ್ ಕಲ್ಲಾಗಿಬಿಡುತ್ತಾನೆ. ಆ ಡೈಲಾಗ್ ಹೊಡೆಯುವವನು ಪ್ರಪಂಚದಲ್ಲಿ ಒಬ್ಬನೇ, ಅವನು ಗೋರಿಯಲ್ಲಿರಬೇಕಿತ್ತು ಅಲ್ವಾ!

ಅದೇ ದರೋಡೆ. ಮೈಕಲ್‌ಗೆ ಗೆಲುವು, ಟ್ರೆವರ್‌ಗೆ ದ್ರೋಹ. ಕರ್ಣಪರ್ವದ ತಾಳಮದ್ದಳೆ ಕೇಳಿದವರಿಗೆ ಇದು ಹೊಸದೇನಲ್ಲ. ಕೃಷ್ಣನ ಅರ್ಥ ಹೇಳುವಾಗ ಕೃಷ್ಣನೇ ಸರಿ, ಕರ್ಣನ ಅರ್ಥಧಾರಿ ಬಾಯಿ ತೆರೆದರೆ ಕರ್ಣನೇ ಸರಿ. ಆದರೆ ಅಲ್ಲಿ ನೀವು ಎದುರು ಕೂತು ಕೇಳುವವರು. ಇಲ್ಲಿ ಇಬ್ಬರ ಅರ್ಥವನ್ನೂ ನೀವೇ ಹೇಳಬೇಕು.

ಪ್ರಸಂಗ ಅಲ್ಲಿಗೇ ಮುಗಿಯಲಿಲ್ಲ. ಟ್ರೇಲರಿನಿಂದ ಹೊರಬಂದ ಟ್ರೆವರ್‌ಗೆ ಜಾನಿ ಎಂಬ ಬೈಕರ್ ಎದುರಾಗುತ್ತಾನೆ. 2009ರಲ್ಲಿ ಜಿಟಿಎ ಫೋರ್‌ಗೆ ಬಂದ ಹೆಚ್ಚುವರಿ ಕತೆಯಲ್ಲಿ ಈ ಜಾನಿಯೇ ನಾಯಕ. ಅಂದರೆ ಆಗ ನೀವೇ ಜಾನಿಯಾಗಿ ಆಡಿದ್ದಿರಿ. ಟ್ರೆವರ್ ಅವನನ್ನು ಅಲ್ಲೇ ತುಳಿದು ಕೊಲ್ಲುತ್ತಾನೆ. ಮರುಕ್ಷಣ ಟ್ರೆವರ್‌ನನ್ನು ನಡೆಸುವವರು ನೀವು. ನಿಮ್ಮನ್ನು ಕೊಂದವನೇ ಈಗ ನೀವು! ಸಿನಿಮಾದವರು ಎಷ್ಟೇ ಕೋಟಿ ಸುರಿದರೂ ಈ ಏಟು ಕೊಡಲಾರರು. ಆದರೂ ಗೇಮ್ ಬಗ್ಗೆ ಮಾತು ಬಂದರೆ ಜನ ಕೇಳುವುದು "ಗ್ರಾಫಿಕ್ಸ್ ಹೇಗಿದೆ?" ಅಂತಲೇ.

ಮೈಕಲ್‌ನ ಗೋರಿಯಲ್ಲಿ ನಿಜವಾಗಿ ಯಾರಿದ್ದಾರೆ ಎಂಬುದು ಇನ್ನೊಂದು ದೊಡ್ಡ ಕತೆ, ಅದಕ್ಕೆ ಇವತ್ತು ಹೊತ್ತಿಲ್ಲ. ಒಂದು ಮಾತ್ರ ಹೇಳುತ್ತೇನೆ. ಇಬ್ಬರಲ್ಲಿ ಯಾರು ಉಳಿಯಬೇಕು ಅನ್ನುವ ತೀರ್ಮಾನ ಕೊನೆಗೆ ಬರುವುದು ಫ್ರಾಂಕ್ಲಿನ್ ಪಾಲಿಗೆ. ಇಬ್ಬರೊಳಗೂ ಹೊಕ್ಕು ಬಂದ ನೀವು ಈಗ ಮೂರನೆಯವನಾಗಿ ನಿಂತು ಆರಿಸಬೇಕು.

ಇನ್ನೊಂದು ಉದಾಹರಣೆ ಬೇಗ ಹೇಳಿ ಮುಗಿಸುತ್ತೇನೆ. 2018ರ ರೆಡ್ ಡೆಡ್ ರಿಡೆಂಪ್ಶನ್ ಟೂ. ಅದರ ಕೆಲಸದಲ್ಲಿ ರಾಕ್‌ಸ್ಟಾರ್‌ನ ಬೆಂಗಳೂರು ಸ್ಟುಡಿಯೋದವರ ಕೈಯೂ ಇದೆ. ಕತೆ 1899ರ ಅಮೆರಿಕದ್ದು. ನಾಯಕ ಆರ್ಥರ್ ಒಂದು ದಿನಚರಿ ಇಟ್ಟುಕೊಂಡಿರುತ್ತಾನೆ. ಕಂಡ ಜಿಂಕೆ, ಹಕ್ಕಿ, ಮರ ಎಲ್ಲವನ್ನೂ ಪೆನ್ಸಿಲ್‌ನಲ್ಲಿ ಎಷ್ಟು ಚೆಂದ ಬಿಡಿಸುತ್ತಾನೆ ಅಂದರೆ, ಈ ಒರಟನಿಗೆ ಇಂಥ ಕೈ ಎಲ್ಲಿಂದ ಬಂತು ಅನ್ನಿಸುತ್ತದೆ. ಕತೆಯ ಕೊನೆಯ ಭಾಗದಲ್ಲಿ ಆ ಪುಸ್ತಕ ಜಾನ್ ಎಂಬ ಗೆಳೆಯನ ಕೈಗೆ ಬರುತ್ತದೆ. ಅವನೂ ಅದರಲ್ಲೇ ಬರೆಯುತ್ತಾನೆ, ಚಿತ್ರವನ್ನೂ ಬಿಡಿಸುತ್ತಾನೆ. ಪುಟ ತಿರುಗಿಸಿ ನೋಡಿ, ಒಂದನೇ ಕ್ಲಾಸಿನ ಮಕ್ಕಳ ಸ್ಲೇಟು! ಕಾಡು ಮೇಡು ಅವೇ, ಪುಸ್ತಕವೂ ಅದೇ. ನೋಡುವವನು ಬೇರೆ. ನಾನು ಮೊದಲಿನಿಂದ ಬಡಿದುಕೊಳ್ಳುತ್ತಿರುವುದು ಇದನ್ನೇ.

ಇಷ್ಟು ಹೊತ್ತು ರೇಡಿಯೋದ ಕಿವಿ ಹಿಂಡದೆ ಕೇಳಿದಿರಿ, ಸಂತೋಷ. ನಮಸ್ಕಾರ.