ಸ್ಟ್ರಾಸ್‌ಬರ್ಗ್‌ನಲ್ಲಿ ನಿಂತು ಲೆ ಪೆನ್ ಬಗ್ಗೆ ಯೋಚಿಸಿದ್ದು

ಈಗ ನಿಮಗೆ ಕಾಣುತ್ತಿರುವುದು ಸ್ಟ್ರಾಸ್‌ಬರ್ಗ್‌ನ ದೊಡ್ಡ ಚರ್ಚು. 142 ಮೀಟರ್ ಎತ್ತರ. ಕತ್ತು ನೋಯುವಷ್ಟು ಹೊತ್ತು ನೋಡಿದೆ. ಆದರೆ ನಾನು ಇಲ್ಲಿಗೆ ಬಂದಿದ್ದು ಗೋಪುರ ತೋರಿಸೋದಕ್ಕಲ್ಲ. ಇಲ್ಲಿನ ಪಾದ್ರಿಗಳಿಗೆ ಸಂಬಳ ಕೊಡುವುದು ಫ್ರಾನ್ಸ್ ಸರ್ಕಾರ. ಸೆಕ್ಯುಲರ್ ದೇಶ ಅಂತ ಸಂವಿಧಾನದ ಮೊದಲ ವಿಧಿಯಲ್ಲೇ ಬರೆದುಕೊಂಡಿರುವ ಅದೇ ಫ್ರಾನ್ಸ್!

ಧರ್ಮವನ್ನೂ ಸರ್ಕಾರವನ್ನೂ ಬೇರೆ ಮಾಡಿದ ಕಾನೂನು ಬಂದಿದ್ದು 1905ರಲ್ಲಿ. ಆಗ ಈ ಊರು ಜರ್ಮನಿಯ ಕೈಯಲ್ಲಿತ್ತು. ಮೊದಲ ಮಹಾಯುದ್ಧ ಮುಗಿದು ಫ್ರಾನ್ಸಿಗೆ ವಾಪಸ್ ಬಂದರೂ ಹಳೇ ಪದ್ಧತಿ ಹಾಗೇ ಉಳಿಯಿತು. ಕ್ಯಾಥೊಲಿಕ್ ಪಾದ್ರಿಗೆ, ಪ್ರಾಟೆಸ್ಟೆಂಟ್ ಪಾಸ್ಟರ್‌ಗೆ, ಯಹೂದಿ ರಬ್ಬಿಗೆ ಸಂಬಳ ಇದೆ. ಇಮಾಮರಿಗೆ ಇಲ್ಲ.

1905ರ ಆ ಕಾನೂನು ಹೇಳೋದು ತುಂಬಾ ಸರಳ. ಎಲ್ಲರಿಗೂ ತಮ್ಮ ನಂಬಿಕೆಯ ಸ್ವಾತಂತ್ರ್ಯ ಇದೆ, ಸರ್ಕಾರ ಯಾವ ಧರ್ಮಕ್ಕೂ ದುಡ್ಡು ಕೊಡುವುದಿಲ್ಲ. ಅಂದರೆ ಕಟ್ಟುಪಾಡು ಇರುವುದು ಸರ್ಕಾರಕ್ಕೆ. ರಸ್ತೆಯಲ್ಲಿ ನಡೆದು ಹೋಗುವ ಹೆಂಗಸಿಗಲ್ಲ, ಅಲ್ವಾ?

ಫ್ರಾನ್ಸಿನ ಕಟ್ಟಾ ಬಲಪಂಥೀಯ ನಾಯಕಿ ಮರೀನ್ ಲೆ ಪೆನ್ ಇದನ್ನು ತಿರುಗಿಸಿಬಿಟ್ಟರು ಅಂತ ನನಗೆ ಅನಿಸುತ್ತದೆ. 2011ರಲ್ಲಿ ಅಪ್ಪನಿಂದ ಪಕ್ಷ ಅವರ ಕೈಗೆ ಬಂತು. ಅದಕ್ಕೆ ಒಂದು ತಿಂಗಳ ಹಿಂದೆ, ಮುಸ್ಲಿಮರು ಬೀದಿಯಲ್ಲಿ ನಮಾಜ್ ಮಾಡುವುದನ್ನು ಅವರು ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದಕ್ಕೆ ಹೋಲಿಸಿದ್ದರು. ಕೇಸ್ ಆಯಿತು, 2015ರಲ್ಲಿ ಖುಲಾಸೆಯೂ ಆಯಿತು. 2022ರ ಅಧ್ಯಕ್ಷ ಚುನಾವಣೆಯಲ್ಲಿ ಇನ್ನೂ ಮುಂದೆ ಹೋದರು. ಸಾರ್ವಜನಿಕ ಜಾಗದಲ್ಲಿ ಎಲ್ಲೂ ತಲೆವಸ್ತ್ರ ಹಾಕಬಾರದು, ಹಾಕಿದರೆ ದಂಡ, ಸೀಟ್ ಬೆಲ್ಟ್ ಕಟ್ಟದಿದ್ದರೆ ಹಾಕುವ ಹಾಗೆ.

ಪೆರ್ತುಯಿ ಅನ್ನುವ ಊರಿನ ಸಂತೆಯಲ್ಲಿ ತಲೆವಸ್ತ್ರ ಹಾಕಿದ್ದ ಒಬ್ಬ ಮಹಿಳೆ ಅವರನ್ನು ತಡೆದು, ರಾಜಕೀಯಕ್ಕೂ ಇದಕ್ಕೂ ಏನು ಸಂಬಂಧ ಅಂತ ಕೇಳಿದರು. ಅದು ಇಸ್ಲಾಂ ಬಗ್ಗೆ ಉಗ್ರ ನಿಲುವು ಇರುವವರು ಹೇರಿದ ಸಮವಸ್ತ್ರ ಅಂತ ಲೆ ಪೆನ್ ಉತ್ತರ ಕೊಟ್ಟರು. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೀನೋ. ಎದುರಿಗೆ ನಿಂತ ಹೆಂಗಸು ನಾನೇ ಇಷ್ಟಪಟ್ಟು ಹಾಕಿದ್ದು ಅನ್ನುತ್ತಿದ್ದರೂ ಉತ್ತರ ಬದಲಾಗುವುದಿಲ್ಲ. ಅದೇ ನನಗೆ ಜಾಸ್ತಿ ನೋವು ಕೊಟ್ಟಿದ್ದು.

ಲೆ ಪೆನ್‌ಗೆ ಮತ ಹಾಕಿದವರನ್ನು ನಾನು ಸುಮ್ನೆ ತಳ್ಳಿಹಾಕಲ್ಲ. 2015ರ ನವೆಂಬರ್ 13ರ ಒಂದೇ ರಾತ್ರಿ ಪ್ಯಾರಿಸ್‌ನಲ್ಲಿ ಇಸ್ಲಾಮಿಕ್ ಸ್ಟೇಟ್ ಉಗ್ರರ ದಾಳಿಗೆ 130 ಜನರ ಜೀವ ಹೋಯಿತು. ಆ ಭಯ ನಿಜ. 2022ರ ಕೊನೆಯ ಸುತ್ತಿನಲ್ಲಿ ಅವರಿಗೆ ನೂರಕ್ಕೆ 41ಕ್ಕೂ ಜಾಸ್ತಿ ಮತ ಬಿತ್ತು. ಆದರೆ ವಲಸೆ ನಿಲ್ಲಿಸಬೇಕು, ಕೆಲಸ ಮತ್ತು ಮನೆ ಮೊದಲು ಫ್ರೆಂಚರಿಗೆ ಸಿಗಬೇಕು ಅನ್ನುವ ಮಾತನ್ನೂ ಈ ತಲೆವಸ್ತ್ರದ ಮಾತನ್ನೂ ಒಂದೇ ಉಸಿರಲ್ಲಿ ಹೇಳಿದರೆ, ಇಲ್ಲೇ ಹುಟ್ಟಿದ, ಫ್ರೆಂಚ್ ಪಾಸ್‌ಪೋರ್ಟ್ ಇರುವ ಹುಡುಗಿಯೂ ಹೊರಗಿನವಳಾಗಿಬಿಡುತ್ತಾಳೆ. ಇದನ್ನು ಒಪ್ಪೋಕೆ ನನ್ನಿಂದ ಆಗುವುದಿಲ್ಲ.

ಈಗ ಟ್ರಾಮ್ ಹತ್ತಿದ್ದೇನೆ, 2012ರಲ್ಲಿ ಉದ್ಘಾಟನೆಯಾದ ಇಲ್ಲಿನ ದೊಡ್ಡ ಮಸೀದಿ ನೋಡೋಕೆ. ಎದುರಿನ ಸೀಟಿನಲ್ಲಿ ಒಬ್ಬ ಅಜ್ಜಿ ತಲೆಗೆ ನೀಲಿ ಬಟ್ಟೆ ಕಟ್ಟಿ ಕೂತಿದ್ದಾರೆ. ಅವರ ಮುಖ ಬರಬಾರದು ಅಂತ ಕ್ಯಾಮೆರಾವನ್ನು ಕಿಟಕಿ ಕಡೆ ತಿರುಗಿಸಿದ್ದೇನೆ.